ತಿಕ್ಕಿ ತೊಳೆದು ವಾಪಸ್ ಕೊಟ್ಟ ಸೀಟು

ನಮ್ಮ ಅಡುಗೆಮನೆಯಲ್ಲಿರುವ ಡಬ್ಬಿಗಳೆಲ್ಲ ನಮ್ಮವಲ್ಲ ಎಂಬ ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಿನ ಹಲಗೆಯಲ್ಲಿ ಹೊಳೆಯುತ್ತ ಕೂತಿರುವ ಸ್ಟೀಲಿನ ಡಬ್ಬಿಗಳ ಮೈಮೇಲೆ ಕೊರೆಸಿದ ಹೆಸರುಗಳನ್ನು ಓದುತ್ತ ಹೋದರೆ ಯಲಬುರ್ಗಾದ ನಮ್ಮ ಓಣಿಯ ಮತದಾರರ ಪಟ್ಟಿಯೇ ತಯಾರಾದೀತು. ಕದ್ದವಲ್ಲ. ಹಬ್ಬಕ್ಕೆ, ಅಮಾವಾಸ್ಯೆಗೆ, ಯಾರದೋ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಳಿಗೆಯನ್ನೋ ಕರಿಗಡಬನ್ನೋ ಹೊತ್ತು ಬಂದವು. ಒಳಗಿನ ಸರಕು ಅರ್ಧ ತಾಸಿನಲ್ಲಿ ಖಾಲಿಯಾಗುತ್ತದೆ. ಡಬ್ಬಿ ಮಾತ್ರ ತಿಂಗಳುಗಟ್ಟಲೆ ನಮ್ಮಲ್ಲೇ ಬಿಡಾರ ಹೂಡುತ್ತದೆ.

ಇದಕ್ಕೆಲ್ಲ ಕಾರಣ ನನ್ನ ಅತ್ತೆ ಗಿರಿಜವ್ವ. ಇನ್ನೊಬ್ಬರ ಪಾತ್ರೆಯನ್ನು ವಾಪಸ್ ಕೊಡುವುದಕ್ಕೆ ಅವರಲ್ಲಿ ಎರಡು ನಿಯಮಗಳಿವೆ. ಬಂದಾಗ ಇದ್ದುದಕ್ಕಿಂತ ಹೆಚ್ಚು ಹೊಳೆಯುವಂತೆ ತಿಕ್ಕಿರಬೇಕು. ಮತ್ತು ಖಾಲಿ ಇರಕೂಡದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಬಿದ್ದಿರಬೇಕು. ಆದರೆ ಸಕ್ಕರೆ ಹಾಕಿ ಕೊಡುವುದು ಅತ್ತೆಗೆ ಸ್ವಲ್ಪ ಕಡಿಮೆಯ ಮಾತು, ಹಾಗಾಗಿ ಮುಂದಿನ ಹಬ್ಬದವರೆಗೆ ಕಾಯುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯ ಬಟ್ಟಲನ್ನು ಹಾಗೇ ತೊಳೆದು ಕೊಟ್ಟು ಬಂದಿದ್ದೆ. "ಖಾಲಿ ಬಟ್ಟಲಾ ಕೊಟ್ಟು ಬಂದಿ ಅಂದ್ರ ಇನ್ನ ಆ ಮನಿ ಮುಂದ ಹಾಯಾಕ ನನಗ ಮಾರಿ ಇಲ್ಲ ನೋಡು" ಎಂದು ಅತ್ತೆ ಒಂದು ವಾರ ಬಾವಿಗೆ ಹೋಗುವ ದಾರಿಯನ್ನೇ ಬದಲಿಸಿದ್ದರು.

ನಾನಾದರೋ ತಾಲೂಕು ಕಚೇರಿಯಲ್ಲಿ ಗುಮಾಸ್ತೆ. ವಾಪಸ್ ಕೊಡುವ ವಿಷಯದಲ್ಲಿ ನಮ್ಮ ಕಚೇರಿಯದು ಬೇರೆಯೇ ಸಂಪ್ರದಾಯ. ಅರ್ಜಿಗಳನ್ನು ಮಾತ್ರ ನಾವು ಧಾರಾಳವಾಗಿ ವಾಪಸ್ ಕೊಡುತ್ತೇವೆ. ದಿನಕ್ಕೆ ಎಷ್ಟು ಸಲ "ಕಡೀ ತಾರೀಖು ಮುಗದೈತ್ರಿ" ಎನ್ನುತ್ತೇನೋ ನನಗೇ ಗೊತ್ತಿಲ್ಲ. ಒಮ್ಮೆ ಜ್ವರದ ತಾಪದಲ್ಲಿ ಮಲಗಿದ್ದಾಗ ನೀರು ಕೊಡಲು ಬಂದ ಗಂಡನಿಗೂ ಅದನ್ನೇ ಹೇಳಿದೆನಂತೆ. ಅವರು ಕುಷ್ಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿಯೂ ಗೋಡೆಯ ಮೇಲೆ "ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಎಂಬ ಹಲಗೆ ಇದೆ. ಹೀಗಾಗಿ ದಂಪತಿಗಳಾದ ನಮಗೆ ಮರಳಿಸುವುದರ ಬಗ್ಗೆ ಹೇಳಿಕೊಳ್ಳುವಂಥ ತಿಳಿವಳಿಕೆ ಇರಲಿಲ್ಲ.

ಅಂಥ ನಮ್ಮ ಮಗಳು ರೇಣುಕಾ ಗಂಗಾವತಿಯಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಸೇರಿದಳು. ಸೇರಿದಳು ಎನ್ನುವುದಕ್ಕಿಂತ ಸೇರಿಸಿದೆವು ಎಂದರೆ ಸರಿ. ಅಂಕ ಬಂದಿದ್ದವು, ಸೀಟು ಸಿಕ್ಕಿತು, ನಾನು ಕೂಡಿಟ್ಟದ್ದು ಫೀಸಿಗೆ ಸರಿಹೋಯಿತು. ಇಷ್ಟೆಲ್ಲ ಕೂಡಿಬಂದ ಮೇಲೆ ಹುಡುಗಿಯನ್ನು ಬೇರೆ ಏನು ಕೇಳುವುದು ಎಂದುಕೊಂಡಿರಬೇಕು. ಓಣಿಗೆಲ್ಲ ಪೇಡೆ ಹಂಚಿದೆ. ನಮ್ಮ ಡಬ್ಬಿಗಳು ಹೋದವು, ಅವುಗಳ ಹಿಂದೆಯೇ ಓಣಿಯವರ ಡಬ್ಬಿಗಳು ಬಂದವು: ಒಬ್ಬರ ಮನೆಯಿಂದ ಕೊಬ್ಬರಿ ಖಾರ, ಇನ್ನೊಬ್ಬರಿಂದ ಗುರೆಳ್ಳು ಚಟ್ನಿ, ಹಾಸ್ಟೆಲಿನ ಊಟ ರುಚಿ ಇರುವುದಿಲ್ಲವೆಂದು. ರೇಣು ಹೊರಡುವ ದಿನ ಅತ್ತೆ ಒಂದು ದೊಡ್ಡ ಡಬ್ಬಿಯ ತುಂಬ ಶೇಂಗಾ ಉಂಡಿ ಕಟ್ಟಿಕೊಟ್ಟರು. "ಡಬ್ಬಿ ಮರೀದ ತಗೊಂಡು ಬಾ, ಖಾಲಿ ಮಾತ್ರ ತರಬ್ಯಾಡ, ಗಂಗಾವತಿಯಾಗ ಏನರ ಸಿಗತೈತಿ" ಎಂದು ನಿಯಮವನ್ನೂ ಜೊತೆಗೆ ಕಟ್ಟಿದರು.

ಪ್ರತಿ ಸಂಜೆ ಫೋನು ಬರುತ್ತಿತ್ತು. "ಹೆಂಗೈತಿ ರೇಣು?" ಎಂದರೆ "ಭಾಳ ಛಲೋ ಐತವ್ವಾ" ಎನ್ನುತ್ತಿದ್ದಳು. ದಿನವೂ ಅದೇ ಉತ್ತರ, ಅದೇ ಧಾಟಿ. ನಮ್ಮ ಕಚೇರಿಯಲ್ಲಿ "ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ" ಎಂದು ನಾವು ಹೇಳುವ ಧಾಟಿ ಅದು. ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ನಾನಾಗಲೇ ಮನಸ್ಸಿನಲ್ಲಿ ಇಂಜಿನಿಯರಿನ ತಾಯಿಯಾಗಿ ಸೀರೆ ಉಟ್ಟು ಓಡಾಡುತ್ತಿದ್ದೆ.

ಮೊದಲ ಬಾರಿ ರಜೆಗೆಂದು ಬಂದವಳು ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆಯಲು ಹೋದಳು. ಅತ್ತೆ ಅಭ್ಯಾಸದಂತೆ ಡಬ್ಬಿ ಹೊರಗೆ ತೆಗೆದರು. ಎತ್ತಿದವರು ಹಾಗೇ ನಿಂತರು. ಮುಚ್ಚಳ ತೆರೆದರೆ ಉಂಡಿಗಳು ಕಟ್ಟಿಕೊಟ್ಟಾಗ ಹೇಗಿದ್ದವೋ ಹಾಗೆ, ಒಂದೂ ಅಲುಗದೆ ಕೂತಿದ್ದವು. ರೇಣು ಮುಖ ಒರೆಸಿಕೊಳ್ಳುತ್ತ ಒಳಗೆ ಬಂದಾಗ ಅತ್ತೆ ಡಬ್ಬಿಯನ್ನು ಅವಳ ಮುಂದೆ ಹಿಡಿದರು.

"ಖಾಲಿ ತರಬ್ಯಾಡ ಅಂದಿದ್ನಿ ಖರೆ. ಹಿಂಗ ಕೊಟ್ಟಂಗ ತುಂಬಿಸ್ಕೊಂಡು ಬಾ ಅಂದಿದ್ನೇನಬೇ?"

"ಹಸಿವಿ ಆಗಲಿಲ್ಲಜ್ಜಿ" ಎಂದಳು. ಆಮೇಲೆ ಟವೆಲ್ಲನ್ನು ಮುಖದಿಂದ ತೆಗೆಯಲೇ ಇಲ್ಲ.

ಆ ಟವೆಲ್ಲಿನ ಹಿಂದಿನಿಂದ ಬಂದ ಮಾತುಗಳನ್ನು ನಾನು ಈಗಲೂ ಮರೆತಿಲ್ಲ. "ನನಗ ಆ ಓದು ಒಗ್ಗವಲ್ದವ್ವಾ. ಕ್ಲಾಸಿನ್ಯಾಗ ಕುಂತ್ರ ಯಾರದೋ ಮನ್ಯಾಗ ಕುಂತಂಗ ಅನಸ್ತೈತಿ. ನನಗ ಗಣಿತ ಓದಬೇಕು, ಸಾಲ್ಯಾಗ ಕಲಿಸಬೇಕು ಅನ್ನೋದ ಇತ್ತು." ಹಾಗಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಫೀ ವಾಪಸ್ ಕೊಡೋ ಕಡೀ ತಾರೀಖು ಸಮೀಪ ಬಂದೈತಿ. ಅದೊಂದು ದಾಟಿ ಹೋಗ್ಲಿ ಅಂತ ಕಾಯಾಕತ್ತಿದ್ನಿ. ರೊಕ್ಕ ಬರಂಗಿಲ್ಲ ಅಂತಾದ್ರ ಬಿಡಬೇಕೋ ಬ್ಯಾಡೋ ಅನ್ನೋ ಚಿಂತಿನ ಇರಂಗಿಲ್ಲಲ್ಲ."

ನನ್ನ ಸೇವಾವಧಿಯಲ್ಲಿ ಕೊನೆಯ ದಿನಾಂಕ ತಪ್ಪಿಸಿಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಬಸ್ ತಪ್ಪಿದವರು, ನೆಟ್‌ವರ್ಕ್ ಸಿಗದವರು, ದಿನವನ್ನೇ ಮರೆತವರು. ಕೊನೆಯ ದಿನಾಂಕ ತನ್ನನ್ನು ದಾಟಿ ಹೋಗಲಿ, ಬಾಗಿಲು ತಾನಾಗಿ ಮುಚ್ಚಲಿ ಎಂದು ಬಾಗಿಲಲ್ಲೇ ಕಾದು ನಿಂತವರನ್ನು ಮೊದಲ ಬಾರಿಗೆ ನೋಡಿದೆ. ಅದೂ ನನ್ನ ಮಗಳು, ನನ್ನ ರೊಕ್ಕಕ್ಕೆ ಹೆದರಿ.

ಸುಳ್ಳು ಯಾಕೆ, ಮೊದಲು ಬಂದದ್ದು ಸಿಟ್ಟು. ಅದು ಮಗಳ ಮೇಲಲ್ಲ, ಪೇಡೆಯ ಮೇಲೆ. ಓಣಿಯ ಅಷ್ಟೂ ಬಾಯಿಗಳಿಗೆ ಸಿಹಿ ಹಾಕಿದ್ದೆನಲ್ಲ, ಈಗ ಅವೇ ಬಾಯಿಗಳು ಕೇಳುವ ಪ್ರಶ್ನೆಗಳಿಗೆ ಏನು ಹೇಳುವುದು? ಪೇಡೆಗೆ ವಾಪಸಾತಿಯ ನಿಯಮವಿಲ್ಲ. ಸಂಜೆ ಕುಷ್ಟಗಿಯಿಂದ ಬಂದ ಗಂಡ ಎಲ್ಲ ಕೇಳಿ "ಅಕಿ ಉಂಡಿ ತಿಂದಿಲ್ಲ ಅಂದ್ರ ಇನ್ನೇನೈತಿ ಕೇಳೋದು, ಬಿಡಿಸ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಉಂಡಿಯ ವಿಷಯದಲ್ಲಿ ಅವರ ಮನೆತನಕ್ಕೆ ಅಷ್ಟು ನಂಬಿಕೆ.

ಆಮೇಲೆ ಫೋನಿನಲ್ಲಿ ವಿಶ್ವವಿದ್ಯಾಲಯದ ಶುಲ್ಕ ಮರುಪಾವತಿಯ ನಿಯಮಗಳನ್ನು ತೆರೆದು ಕೂತೆ. ಇಂಥವನ್ನು ಓದುವುದು ನನ್ನ ಹೊಟ್ಟೆಪಾಡು, ಸಂತೋಷಕ್ಕೆಂದು ಎಂದೂ ಓದಿದವಳಲ್ಲ. ಇದನ್ನು ಮಾತ್ರ ಎರಡು ಸಲ ಓದಿದೆ. ಇಂಥ ದಿನದೊಳಗೆ ಬಿಟ್ಟರೆ ಸಣ್ಣದೊಂದು ಮೊತ್ತ ಮುರಿದುಕೊಂಡು ಉಳಿದದ್ದೆಲ್ಲ ವಾಪಸ್, ಆಮೇಲೆ ತಡಮಾಡಿದಷ್ಟೂ ಕಡಿಮೆ, ಒಂದು ಗಡಿ ದಾಟಿದರೆ ಏನೂ ಇಲ್ಲ. ಬರೆದವರು ಕವಿಗಳೇನಲ್ಲ, "ತಕ್ಕದ್ದು"ಗಳ ಮೇಲೆ "ತಕ್ಕದ್ದು" ಪೇರಿಸಿದ್ದಾರೆ. ಆದರೂ ಆ ಸಾಲುಗಳ ಹಿಂದೆ ಯಾರೋ ಒಬ್ಬರು ಕೂತು ಯೋಚಿಸಿದ್ದಾರೆ ಅನಿಸಿತು: ಹದಿನೆಂಟು ವರ್ಷದ ಮಕ್ಕಳು ಬರುತ್ತಾರೆ, ಕೆಲವರಿಗೆ ಒಗ್ಗುವುದಿಲ್ಲ, ಅವರು ಮನೆಗೆ ಹೋಗಬೇಕಾದೀತು, ಬರಿಗೈಲಿ ಹೋಗಬಾರದು. ನಾನು ಓದಿದ ಸರ್ಕಾರಿ, ಖಾಸಗಿ ಕಾಗದಗಳಲ್ಲೆಲ್ಲ ಮನುಷ್ಯರ ಮನಸ್ಸು ಬದಲಾಗಬಹುದು ಎಂದು ಒಪ್ಪಿಕೊಂಡದ್ದು ಇದೊಂದೇ. ಯಾರೆಂದು ಗೊತ್ತಿಲ್ಲದ ಆ ಮನುಷ್ಯರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಪುರಾಣದ ಬಾಣಗಳ ಬಗ್ಗೆ ಚಿಕ್ಕವಳಿದ್ದಾಗ ಕೇಳಿದ್ದು ನೆನಪಾಗುತ್ತದೆ. ಮಂತ್ರ ಹೇಳಿ ಬಿಟ್ಟ ಬಾಣವನ್ನು ನಡುದಾರಿಯಿಂದ ಹಿಂದಕ್ಕೆ ಕರೆಯಲು ಇನ್ನೊಂದು ಮಂತ್ರ ಇರುತ್ತಿತ್ತಂತೆ. ಬಿಡುವ ಮಂತ್ರ ಎಲ್ಲ ವೀರರಿಗೂ ಬರುತ್ತಿತ್ತು, ಕರೆಯುವ ಮಂತ್ರ ಗೊತ್ತಿದ್ದವರು ಬೆರಳೆಣಿಕೆಯವರು. ನಮ್ಮ ಸೀಮೆಯ ಮಾತನ್ನೇ ನೋಡಿ. ಹಿಂದೆ ನಿಜಾಮರ ಆಡಳಿತವಿದ್ದ ಊರುಗಳಿವು, ವಾಪಸು, ಗಡುವಿಗೆ ನಾವನ್ನುವ ಮುದ್ದತ್ತು, ವಸೂಲಿ, ಜಮಾ ಎಲ್ಲ ಆ ಕಾಲದ ಕಚೇರಿಗಳಿಂದ ಮನೆಯೊಳಗೆ ಬಂದು ಕೂತವು. ಕನ್ನಡದಲ್ಲಿ ಮರಳುವುದು ಎಂಬ ಚೆಂದದ ಮಾತಿದೆ, ಆದರೆ ಅದನ್ನು ನಾವು ಹಕ್ಕಿಗಳಿಗೂ ದನಗಳಿಗೂ ಮೀಸಲಿಟ್ಟಿದ್ದೇವೆ. ರೊಕ್ಕ ಮರಳುವುದಿಲ್ಲ, ಅದು ವಾಪಸ್ ಬರುತ್ತದೆ, ಬಂದರೆ. ಇದು ವಿದ್ವಾಂಸರು ನೋಡಬೇಕಾದ ವಿಷಯ, ನಾನು ಸುಮ್ಮನೆ ಬಸ್ಸಿನಲ್ಲಿ ಕೂತು ಯೋಚಿಸಿದ್ದು.

ಬಸ್ಸಿನಲ್ಲಿ ಯಾಕೆಂದರೆ, ಮರುದಿನವೇ ನಾವು ಮೂವರು ಹೆಂಗಸರು ಗಂಗಾವತಿಗೆ ಹೊರಟಿದ್ದೆವು. ಅಂದೇ ಕೊನೆಯ ದಿನಾಂಕ. ಅತ್ತೆಯನ್ನು ಕರೆದಿರಲಿಲ್ಲ. ಬೆಳಿಗ್ಗೆ ನೋಡಿದರೆ ಅವರು ಇಳಕಲ್ ಸೀರೆ ಉಟ್ಟು, ಮೊದಲಿನದಕ್ಕಿಂತ ದೊಡ್ಡ ಡಬ್ಬಿಯಲ್ಲಿ ಹೊಸದಾಗಿ ಕಟ್ಟಿದ ಉಂಡಿ ತುಂಬಿಕೊಂಡು, ತೆಂಗಿನಕಾಯಿ ಸಮೇತ ಕಟ್ಟೆಯ ಮೇಲೆ ಸಿದ್ಧರಾಗಿ ಕೂತಿದ್ದರು. "ಅವರ ವಸ್ತು ಅವರಿಗೆ ವಾಪಸ್ ಕೊಡಾಕ ಹೊಂಟೀರಿ. ಬರಿಗೈಲೆ ಹೊಕ್ಕೀರೇನು?" ಸೀಟು ಎಂದರೆ ಡಬ್ಬಿಯಲ್ಲ ಎಂದು ತಿಳಿಹೇಳಲು ನೋಡಿದೆ. ಅತ್ತೆ ನನ್ನನ್ನು ಮದುವೆಯ ಹೊಸದರಲ್ಲಿ ನೋಡಿದ ಹಾಗೆಯೇ ನೋಡಿದರು. ನಾನು ಡಬ್ಬಿ ಎತ್ತಿಕೊಂಡೆ.

ಕೊಪ್ಪಳದಲ್ಲಿ ಬಸ್ ಬದಲಿಸಿದೆವು. ಮುಂದೆ ಎರೆಯ ಹೊಲ ಮುಗಿದು ಗುಂಡುಕಲ್ಲಿನ ಗುಡ್ಡಗಳು ಬಂದವು, ಅವೂ ಮುಗಿದು ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಬಂದವು. ದಾರಿಯುದ್ದಕ್ಕೂ ರೇಣು ಕಿಟಕಿಯ ಆಚೆಗೇ ನೋಡುತ್ತ ಕೂತಿದ್ದಳು. ಹಸಿರು ನೋಡಿದ ಅತ್ತೆ ಮಾತ್ರ ಬೇಕಿದ್ದವರಿಗೂ ಬೇಡದವರಿಗೂ "ಛಲೋ ಪೀಕು ಬಂದೈತಿ" ಎನ್ನುತ್ತಿದ್ದರು.

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಪ್ರವೇಶ ವಿಭಾಗದ ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು. ಸೀಟು ಬಿಡುವವರ ಸಾಲು ಇತ್ತು. ನಮ್ಮ ಮುಂದಿದ್ದವರು ಮೇಜು ಗುದ್ದಿ ಜಗಳವಾಡಿ ಹೋಗಿದ್ದರಿಂದ ಗುಮಾಸ್ತರ ಮುಖ ಕೆಂಪಾಗಿತ್ತು. ಅದೇ ಹೊತ್ತಿಗೆ ಅತ್ತೆ ಮುಂದೆ ಹೋಗಿ ಮೇಜಿನ ಮೇಲೆ ತೆಂಗಿನಕಾಯಿ ಇಟ್ಟು, ಡಬ್ಬಿಯ ಮುಚ್ಚಳ ತೆರೆದರು.

ಗುಮಾಸ್ತರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ಏನ್ರಿ ಇದು? ಇಂಥಾವೆಲ್ಲ ಇಲ್ಲಿ ನಡ್ಯಂಗಿಲ್ರಿ. ನಿಮಗ ಬರೋದು ರೂಲ್ಸ್ ಪ್ರಕಾರ ಬರತೈತಿ. ಡಬ್ಬಿ ತಗೀರಿ ಮೊದ್ಲ."

"ಲಂಚ ಅಲ್ಲಪ್ಪಾ, ಶೇಂಗಾ ಉಂಡಿ" ಎಂದರು ಅತ್ತೆ, ನೊಂದುಕೊಂಡು. "ಸೀಟು ಕೊಡುವಾಗ ನೀವು ನಕ್ಕೊಂತ ಕೊಟ್ರಿ. ನಮ್ಮ ಹುಡುಗಿಗೆ ಒಗ್ಗಲಿಲ್ಲ, ಅದು ನಿಮ್ಮ ತಪ್ಪೇನಲ್ಲ. ವಾಪಸ್ ಕೊಡಾಕ ಬಂದೀವಿ. ಬರಿಗೈಲೆ ಹೆಂಗ ಬರಬೇಕು ನೀವ ಹೇಳ್ರಿ."

ಆ ಮನುಷ್ಯ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು, ಡಬ್ಬಿಯನ್ನು ಮೇಜಿನ ಅಂಚಿಗೆ ಸರಿಸಿ "ಇರ್ಲಿ, ಅಲ್ಲೇ ಇರ್ಲಿ" ಎಂದರು. ಅರ್ಜಿ, ರಸೀದಿ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಸರಿಯಾಗಿತ್ತು. ಸ್ವತಃ ಗುಮಾಸ್ತೆಯಾದ ನಾನು ಜೋಡಿಸಿದ್ದು, ತಪ್ಪು ಸಿಗುವುದುಂಟೇ ಎಂದು ಸ್ವಲ್ಪ ಜಂಬವೂ ಬಂತು. "ಇನ್ನ ಹುಡುಗಿ ಗುರುತಿನ ಚೀಟಿ ವಾಪಸ್ ಕೊಟ್ಟುಬಿಡ್ರಿ" ಎಂದರು. ರೇಣು ಕವರಿನಿಂದ ಕಾರ್ಡು ತೆಗೆದಳು. ತೆಗೆದವಳ ಕೈ ಅಲ್ಲೇ ನಿಂತಿತು.

ಕಾರ್ಡು ಥಳಥಳ ಹೊಳೆಯುತ್ತಿತ್ತು. ಅದರಲ್ಲಿ ರೇಣುವಿನ ಫೋಟೊ ಇರಲಿಲ್ಲ. ಹೆಸರಿನ ಜಾಗದಲ್ಲಿ ಅರ್ಧ ಅಕ್ಷರ, ಸಂಖ್ಯೆಯ ಜಾಗದಲ್ಲಿ ಒಂದು ಮಸುಕು ಗೀರು. ಉಳಿದದ್ದೆಲ್ಲ ಬೆಳ್ಳಗೆ, ನಮ್ಮ ಮನೆಯ ಹಲಗೆಯ ಮೇಲಿನ ಡಬ್ಬಿಗಳ ಹಾಗೆ.

"ಇದರಾಗ ಹುಡುಗಿ ಎಲ್ಲಿ ಅದಾಳ್ರಿ?" ಎಂದು ಗುಮಾಸ್ತರು ಕೇಳಿದರು.

"ಸ್ವಚ್ಛ ತಿಕ್ಕೀನ್ರಿ" ಎಂದರು ಅತ್ತೆ ಹೆಮ್ಮೆಯಿಂದ. ಹಿಂದಿನ ಸಂಜೆ ನಾನು ಗುರುತಿನ ಚೀಟಿ ಮರಳಿಸತಕ್ಕದ್ದು ಎಂಬ ನಿಯಮವನ್ನು ಗಟ್ಟಿಯಾಗಿ ಓದಿದ್ದೆ. ಬೆಳಿಗ್ಗೆ ಪಾತ್ರೆ ತಿಕ್ಕುವಾಗ ಅತ್ತೆ ಅದನ್ನೂ ಕವರಿನಿಂದ ತೆಗೆದು, ಸ್ಟೀಲಿನ ನಾರಿನಿಂದ ತಿಕ್ಕಿ, ಒರೆಸಿ, ಮತ್ತೆ ಕವರಿನೊಳಗೆ ಇಟ್ಟಿದ್ದರು. ಇನ್ನೊಬ್ಬರ ವಸ್ತು, ಕೊಳೆ ಇಟ್ಟುಕೊಂಡು ಕೊಡಲು ಬರುತ್ತದೆಯೇ?

ಗುಮಾಸ್ತರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಾಳಾದ ಕಾರ್ಡಿಗೆ ಬದಲಿ ಮಾಡಿಸಬೇಕಾಗುತ್ತದೆ, ಅದಕ್ಕೆ ದಿನ ಹಿಡಿಯುತ್ತದೆ ಎಂದರು. ಅವರ ಹಿಂದಿನ ಗೋಡೆಯ ಮೇಲೆ ಕೊನೆಯ ದಿನಾಂಕದ ಸೂಚನೆ ಅಂಟಿಸಿತ್ತು, ಇವತ್ತಿನ ದಿನ ಅದು. ಅವರ ಜಾಗದಲ್ಲಿ ನಾನಿದ್ದರೆ ಏನು ಹೇಳುತ್ತಿದ್ದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ವಾಕ್ಯ ಅವರ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ರೇಣು ನನ್ನ ಸೆರಗಿನ ಅಂಚನ್ನು ಹಿಡಿದಳು. ದೊಡ್ಡವಳಾದ ಮೇಲೆ ಅವಳು ಹಾಗೆ ಹಿಡಿದೇ ಇರಲಿಲ್ಲ. "ಹೋಗ್ಲಿ ಬಿಡವ್ವಾ, ನಾ ಇಲ್ಲೇ ಓದ್ತೀನಿ" ಎಂದಳು, ನನಗೊಬ್ಬಳಿಗೇ ಕೇಳುವ ಹಾಗೆ.

ಗುಮಾಸ್ತರಿಗೂ ಅದು ಕೇಳಿಸಿರಬೇಕು. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ನಿಯಮದ ಹಾಳೆಯನ್ನು ಎಳೆದುಕೊಂಡರು. ಬೆರಳಿಟ್ಟು ಓದಿದರು. ಆಮೇಲೆ ಮುಖದ ಮೇಲೆ ನಗು ತಾರದೆ, ಬಹಳ ಗಂಭೀರವಾಗಿ ಹೇಳಿದರು: "ಕಾರ್ಡು ವಾಪಸ್ ಕೊಡಬೇಕು ಅಂತ ಐತ್ರಿ. ಅದರಾಗ ಮಾರಿ ಇರಬೇಕು ಅಂತ ಎಲ್ಲೂ ಬರದಿಲ್ಲ."

ಠಸ್ಸೆ ಬಿತ್ತು.

ಠಸ್ಸೆಯ ಸದ್ದು ನಾನು ದಿನವಿಡೀ ಕೇಳುವಂಥದ್ದು, ಅದರಿಂದ ಕಣ್ಣಲ್ಲಿ ನೀರು ಬರಬಹುದೆಂದು ಗೊತ್ತಿರಲಿಲ್ಲ. ನಿಯಮದ ಅಕ್ಷರವನ್ನು ಹಿಡಿದು ಜನರನ್ನು ಹೊರಗೆ ನಿಲ್ಲಿಸುವುದು ನಮ್ಮ ಕಸುಬಿನವರಿಗೆಲ್ಲ ಬರುತ್ತದೆ. ಅದೇ ಅಕ್ಷರವನ್ನು ಹಿಡಿದು ಒಬ್ಬರನ್ನು ಒಳಗೆ ಕರೆದುಕೊಂಡದ್ದನ್ನು ಅಂದು ನೋಡಿದೆ. ಸ್ವೀಕೃತಿಯ ಚೀಟಿ ಕೈಗೆ ಕೊಟ್ಟ ಮೇಲೆ ಅವರು ಅತ್ತೆಯ ಕಡೆ ತಿರುಗಿ "ಈಗ ಕೊಡ್ರಿ ಅಜ್ಜಿ, ಕೆಲಸ ಮುಗದ ಮ್ಯಾಲೆ ತಿಂದ್ರ ಲಂಚ ಅಲ್ಲ" ಎಂದು ಎರಡು ಉಂಡಿ ತೆಗೆದುಕೊಂಡರು. ಉಳಿದವು ಮೇಜಿನಿಂದ ಮೇಜಿಗೆ ಹೋದವು. ಜಗಳವಾಡಿ ಹೋಗಿದ್ದವರು ಏನನ್ನೋ ಮರೆತು ವಾಪಸ್ ಬಂದಿದ್ದರು, ಅವರಿಗೂ ಒಂದು ಸಿಕ್ಕಿತು. ನಾವು ಹೊರಡುವ ಹೊತ್ತಿಗೆ ಡಬ್ಬಿ ನಳದ ನೀರಿನಲ್ಲಿ ತೊಳೆದು ಬಂತು, ಒಳಗೆ ಗುಮಾಸ್ತರ ಊಟದ ಚೀಲದಿಂದ ತೆಗೆದ ಎರಡು ಪೇರಲ ಹಣ್ಣು. ಅತ್ತೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ.

ಕೆಲವು ವಾರಗಳ ಮೇಲೆ ರೊಕ್ಕ ಬಂತು, ಹೇಳಿದಷ್ಟೇ ಮುರಿದುಕೊಂಡು. ಆ ಮುರಿದ ಮೊತ್ತದ ಬಗ್ಗೆ ಗಂಡ ಗೊಣಗಿದರು. ನನಗೆ ಅದು ದುಬಾರಿ ಎನಿಸಲೇ ಇಲ್ಲ. ಮಗಳ ಬಾಯಿಂದ ನಿಜವಾದ ಒಂದು ವಾಕ್ಯ ಹೊರಡಿಸಲು ಅಷ್ಟು ಖರ್ಚಾಯಿತು ಎಂದುಕೊಂಡೆ. ಓಣಿಯವರ ಪ್ರಶ್ನೆಗಳಿಗೆ ಹೆದರಿದ್ದೆನಲ್ಲ, ಅದಕ್ಕೂ ರೇಣುವೇ ಉತ್ತರ ಕೊಟ್ಟಳು. "ಯಾಕ ಬಿಟ್ಟು ಬಂದಿ?" ಎಂದವರಿಗೆ "ಒಗ್ಗಲಿಲ್ರಿ, ಬಂದ್ನಿ" ಎಂದಳು. ಅದಕ್ಕಿಂತ ಹೆಚ್ಚಿನದು ಏನೂ ಬೇಕಾಗಲಿಲ್ಲ. ಪೇಡೆ ತಿಂದವರಲ್ಲಿ ಒಬ್ಬರು ಮಾತ್ರ "ಹಂಗಾದ್ರ ಬಿ.ಎಸ್ಸಿ.ಗೆ ಮತ್ತೊಮ್ಮೆ ಪೇಡೆ ಆಗಬೇಕಲ್ಲ" ಎಂದರು. ನ್ಯಾಯವಾದ ಬೇಡಿಕೆ, ಹಂಚಿದೆ. ಅಷ್ಟರಿಂದ ನಾನು ಕಚೇರಿಯಲ್ಲಿ ದೇವತೆಯಾಗಿಬಿಟ್ಟೆ ಎಂದೇನೂ ತಿಳಿಯಬೇಡಿ. ಕೊನೆಯ ದಿನಾಂಕ ಮುಗಿದಿದೆ ಎಂದು ಈಗಲೂ ಹೇಳುತ್ತೇನೆ. ಹೇಳುವ ಮೊದಲು ಹಾಳೆಯನ್ನು ಇನ್ನೊಮ್ಮೆ ಬೆರಳಿಟ್ಟು ಓದುತ್ತೇನೆ, ಅಷ್ಟೇ ಬದಲಾವಣೆ.

ರೇಣು ಕೊಪ್ಪಳದ ಸರ್ಕಾರಿ ಕಾಲೇಜಿನಲ್ಲಿ, ತಡವಾದದ್ದಕ್ಕೆ ದಂಡ ಕಟ್ಟಿ, ಬಿ.ಎಸ್ಸಿ.ಗೆ ಸೇರಿದಳು. ಬೆಳಿಗ್ಗೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾಳೆ. ಒಂದು ಸಂಜೆ ಪಡಸಾಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದವಳು ಪೆನ್ನು ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದಳು: "ಅವ್ವಾ, ಇಲ್ಲೂ ಒಗ್ಗಲಿಲ್ಲ ಅಂದ್ರ ನಿನಗ ಎಂದಿನೊಳಗ ಹೇಳಬೇಕು? ಕಡೀ ತಾರೀಖು ಯಾವಾಗ?"

ತಮಾಷೆಗೆ ಕೇಳುತ್ತಿಲ್ಲ ಎಂದು ಗೊತ್ತಾಯಿತು. ಗಣಿತ ಒಗ್ಗುತ್ತಿದೆ, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಬೇರೆ ಖಾತ್ರಿ. "ಫೀ ವಾಪಸ್ ಕೊಡಾಕ ಅವರು ತಾರೀಖು ಹಾಕ್ಕೊಳ್ಳಲಿ" ಎಂದೆ. "ನನಗ ಹೇಳಾಕ ಕಡೀ ತಾರೀಖು ಇಲ್ಲ." ಇಡೀ ಸೇವೆಯಲ್ಲಿ ಯಾರಿಗೂ ಹೇಳದಿದ್ದ ವಾಕ್ಯ, ನನ್ನ ಬಾಯಿಗೇ ಹೊಸದಾಗಿತ್ತು. ರೇಣು ಸರಿದು ಬಂದು ನನ್ನ ಹೆಗಲಿಗೆ ಹೆಗಲು ತಾಗಿಸಿ ಕೂತಳು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಅದಕ್ಕ ಕಡೀ ತಾರೀಖು ಇಲ್ಲಂತ ರಾತ್ರಿತನ ಅಲ್ಲೇ ಕುಂದ್ರಬ್ಯಾಡ್ರಿ. ರೊಟ್ಟಿಗೆ ಐತಿ. ಬಿಸಿ ಆರೋದ್ರಾಗ ಬರ್ರಿ."

ನಾವಿಬ್ಬರೂ ಮುದ್ದತ್ತಿನೊಳಗೆ ಹೋಗಿ ಕೂತೆವು.